ಮೆಂಫಿಸಿನಲ್ಲಿ ಸಿಕ್ಕಿದ ನಮ್ಮ ಹನುಮಯ್ಯನ ಹಾಡು

ಚಿಕ್ಕಬಾಣಾವರ

ಅಮೆರಿಕದಿಂದ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು "ಊಟಕ್ಕೇನ್ ಮಾಡ್ಕೊಂಡ್ರಿ?" ಎಂದು. ಆಮೇಲೆ "ಚಳಿ ಜಾಸ್ತೀನಾ?" ಎಂದು. ನಾನು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ನಮ್ಮ ಸಾವಿತ್ರಿ, "ಅದಿರ್ಲಿ ಕಣ್ರೀ, ನಾವು ಬದುಕಿರೋ ಮನುಷ್ಯನ ಸಮಾಧಿಗೆ ಎಡೆ ಇಟ್ ಬಂದ್ವಿ" ಎಂದುಬಿಡುತ್ತಾಳೆ. ಕೇಳಿದವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡುತ್ತಾರೆ. ಹೀಗೆ ಒಬ್ಬರಿಂದೊಬ್ಬರಿಗೆ ದಾಟುತ್ತ ಕಥೆಗೆ ಬಾಲ ಬೆಳೆದು, ಈಗ ಯಶವಂತಪುರದ ಮಾರ್ಕೆಟ್ಟಿನಲ್ಲಿ "ಸತ್ತೋನು ಎದ್ದು ಬಂದ್ನಂತೆ" ಎನ್ನುವವರೆಗೂ ಹೋಗಿದೆ. ಸತ್ತವರು ಯಾರೂ ಎದ್ದು ಬರಲಿಲ್ಲ. ಅದಕ್ಕಿಂತ ಎದೆ ಝಲ್ಲೆನ್ನುವಂಥದ್ದು ನಡೆಯಿತು. ಅದನ್ನು ನೆಟ್ಟಗೆ ಹೇಳಿಬಿಡೋಣ ಎಂದು ಕೂತಿದ್ದೇನೆ.

ನಮ್ಮದು ಕೆರೆ ಏರಿಯ ಆಂಜನೇಯನ ಗುಡಿಯ ಭಜನೆ ಮಂಡಳಿ. ಶನಿವಾರ ಸಂಜೆ ಹಾಡುತ್ತೇವೆ. ಮುಂದಾಳು ಲಕ್ಕಮ್ಮಕ್ಕ, ಎಪ್ಪತ್ತು ದಾಟಿದವರು, ಹಳೇ ಊರಿನವರು. ಅವರ ರಾಗಿ ಹೊಲದ ಮೇಲೆ ಎದ್ದಿರುವ ಅಪಾರ್ಟ್‌ಮೆಂಟಿನ ವಾಚ್‌ಮನ್ ಈಗ ಅವರನ್ನೇ ತಡೆದು "ಯಾರ್ ಮನೆಗೆ?" ಎಂದು ಕೇಳುತ್ತಾನೆ. ಸಾವಿತ್ರಿ ತಾಳ ಹಾಕುತ್ತಾಳೆ, ಜೊತೆಗೆ ಊರಿನವರೆಲ್ಲರ ಮಡಿ ಮೈಲಿಗೆಯ ಉಸ್ತುವಾರಿಯೂ ಅವಳದೇ. ನಾನು ರತ್ನಾ, ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಹಾರ್ಮೋನಿಯಂ ನನ್ನದು. ಇಂಗ್ಲಿಷ್ ಬರುವುದೂ ನನಗೊಬ್ಬಳಿಗೇ, ಮುಂದಿನ ಅವಾಂತರಕ್ಕೆ ಅದೇ ಕಾರಣ.

ಮಂಡಳಿಗೆ ಹೆಸರು ಬಂದದ್ದು ಒಂದೇ ಒಂದು ಹಾಡಿನಿಂದ. "ಕೆರೆ ಏರಿ ಮೇಲೆ ನಿಂತ ಹನುಮಯ್ಯಾ, ಊರ ಕಡೆ ಒಂದ್ಸಾರಿ ನೋಡಯ್ಯಾ." ಲಕ್ಕಮ್ಮಕ್ಕನ ಬಾಯಲ್ಲಿ ಅದು 'ಅನುಮಯ್ಯಾ'. ಹಾಡು ಕಟ್ಟಿದವರು ತೀರಿಕೊಂಡ ಅವರ ಯಜಮಾನರು, ಮುನಿಯಪ್ಪನವರು. ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿ ವೈರಿಂಗ್ ಮಾಡಿಕೊಂಡು, ರೇಡಿಯೋ, ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡಿಕೊಂಡು ಇದ್ದವರು. ಹೆಂಡತಿಗೆ ಒಂದು ಮೊಳ ಹೂವು ತಂದವರಲ್ಲ, ಊಟ ಚೆನ್ನಾಗಿದೆ ಎಂದವರಲ್ಲ. ಲಕ್ಕಮ್ಮಕ್ಕ ಚೊಚ್ಚಲ ಬಾಣಂತನ ಮುಗಿಸಿ ಹೆಸರಘಟ್ಟದ ತವರಿನಿಂದ ಮಗು ಎತ್ತಿಕೊಂಡು ಬಂದ ದಿನ ಮಾತ್ರ, ತೊಟ್ಟಿಲ ಪಕ್ಕ ಕೂತು ಈ ಹಾಡು ಹೇಳಿದರಂತೆ. "ನಾನಿಲ್ದಾಗ ಕಟ್ಟವ್ರೆ, ನನ್ಗೂ ಮಗೀಗೂ ಅಂತ" ಎನ್ನುವುದು ಲಕ್ಕಮ್ಮಕ್ಕನ ಹೆಮ್ಮೆ. ಗಂಡ ಕೊಟ್ಟ ಒಡವೆ ಅದೊಂದೇ. ಮೈಕಿನ ಮುಂದೆ "ಇದು ನಮ್ಮೆಜಮಾನ್ರು ಕಟ್ಟಿದ್ ಆಡು" ಎಂದು ಹೇಳದೆ ಅವರು ಅದನ್ನು ಶುರು ಮಾಡಿದ್ದನ್ನು ನಾನು ಕಂಡಿಲ್ಲ.

ಯಾರೋ ಫೋನಿನಲ್ಲಿ ಹಿಡಿದು ಹಾಕಿದ್ದ ಆ ಹಾಡನ್ನು ಅಮೆರಿಕದ ಮೆಂಫಿಸ್ ಎಂಬ ಊರಿನ ಕನ್ನಡಿಗರು ನೋಡಿ, ತಮ್ಮ ಸಮ್ಮೇಳನಕ್ಕೆ ನಮ್ಮನ್ನು ಕರೆಸಿಕೊಂಡರು. ನಮ್ಮ ಮುಖ ನೋಡಿ ಅಲ್ಲ, ಆ ಹಾಡಿಗಾಗಿ.

ಮೆಂಫಿಸ್

ಮೊದಲ ಗಾಬರಿ ಜನರಿಲ್ಲದ್ದು. ಬೀದಿ ಇದೆ, ಮನೆ ಇದೆ, ಮನೆ ಮುಂದೆ ಕಾರಿದೆ, ಮನುಷ್ಯರೇ ಇಲ್ಲ. ಬೆಳಗ್ಗೆ ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾದು ಅಭ್ಯಾಸವಾದವರಿಗೆ ಇದು ಕರ್ಫ್ಯೂ ಅನ್ನಿಸುತ್ತದೆ. "ಏನಾರ ಗಲಾಟೆ ಆಗೈತೇನೇ ರತ್ನಾ?" ಎಂದು ಲಕ್ಕಮ್ಮಕ್ಕ ಕಿಟಕಿಯಿಂದ ಇಣುಕಿ ಕೇಳಿದರು.

ಎರಡನೆಯದು ಹೋಟೆಲಿನ ಹುಡುಗಿ. ಇಪ್ಪತ್ತು ವರ್ಷ ಇರಬೇಕು, ಲಕ್ಕಮ್ಮಕ್ಕನ ಭುಜ ಮುಟ್ಟಿ "ಹನಿ" ಎಂದು ಕರೆದಳು.

"ಏನಂದ್ಲು?"

"ಜೇನು ಅಂದ್ಲು ಅಕ್ಕ, ಪ್ರೀತಿಗೆ."

"ಅಯ್ಯೋ ಶಿವನೇ. ನಮ್ಮತ್ತೆ ಸಾಯೋಗಂಟ ನನ್ನ ಬೇವು ಅಂದ್ಳಲ್ಲೇ."

ಆ ಜೇನಿನ ಹುಡುಗಿ ತಂದಿಟ್ಟ ಟೀ ತಣ್ಣಗಿತ್ತು. ಆರಿಹೋಗಿದೆ, ಬಿಸಿ ಮಾಡಿಕೊಡು ಎಂದು ವಾಪಸ್ ಕಳಿಸಿದೆವು. ಅವಳು ಇನ್ನಷ್ಟು ಐಸು ಹಾಕಿ ತಂದಳು. ಅಲ್ಲಿ ಟೀ ಕುಡಿಯುವುದೇ ಹಾಗಂತೆ, ಸಕ್ಕರೆ ಸುರಿದು, ತಣ್ಣಗೆ ಮಾಡಿ, ದೊಡ್ಡ ಲೋಟದಲ್ಲಿ. ಟೀಗೆ ಇಂಥ ಗತಿ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮನ್ನು ನೋಡಿಕೊಳ್ಳಲು ಬಿಟ್ಟಿದ್ದು ಮಂಜುನನ್ನು. ಆರ್.ಟಿ. ನಗರದ ಹುಡುಗ, ಅಲ್ಲಿ ಔಷಧಿ ಅಂಗಡಿ ನಡೆಸುತ್ತಾನೆ. ಬಾಯಲ್ಲಿ ಇನ್ನೂ ಆರ್.ಟಿ. ನಗರವೇ ಇದೆ. ಸಮ್ಮೇಳನಕ್ಕೆ ಒಂದು ದಿನ ಮುಂಚೆ ನಮ್ಮನ್ನು ವ್ಯಾನಿಗೆ ಹತ್ತಿಸಿಕೊಂಡು, "ಆಂಟಿ, ಈ ಊರು ರಾಕ್ ಅಂಡ್ ರೋಲ್‌ಗೆ ತವರುಮನೆ. ಬಂದವ್ರಿಗೆಲ್ಲಾ ಹಾಡಿದವ್ರ ಮನೆ ತೋರಿಸ್ತಾರೆ. ನಾನು ಹಾಡು ಕಟ್ಟಿದವ್ರ ಮನೆ ತೋರಿಸ್ತೀನಿ. ವೆಂಡೆಲ್ ಟ್ರಾಸ್ಕ್ ಅಂತ. ಸಕ್ಕತ್ ದೊಡ್ಡ ಮನುಷ್ಯ" ಎಂದ.

"ಅದೇನು ರಾಕು ರೋಲು?" ಎಂದರು ಲಕ್ಕಮ್ಮಕ್ಕ.

"ಕೂತು ಕೇಳಕ್ಕಾಗಲ್ಲ ಅಜ್ಜಿ, ಎದ್ ಕುಣೀಬೇಕು, ಅಂಥ ಹಾಡು."

ಟೈರು ತೂತಾದ ಜಾಗ

ಅರ್ಧ ದಾರಿಯಲ್ಲಿ ವ್ಯಾನಿನ ಟೈರು ಪಂಕ್ಚರ್ ಆಯಿತು. ಮಂಜು ಜಾಕ್ ಹುಡುಕುತ್ತಿದ್ದಾಗ ನಾವು ಇಳಿದು ರಸ್ತೆ ಪಕ್ಕದ ಪಾರ್ಕಿಗೆ ಹೋದೆವು. ಹಸಿರು ಹುಲ್ಲು, ಮರ, ಬೆಂಚು. ಚಕ್ಲಿ, ಕೋಡುಬಳೆ ಚೀಲ ಬಿಚ್ಚಿದೆವು. ಸಾವಿತ್ರಿ ಚಕ್ಲಿ ಬಾಯಿಗಿಟ್ಟವಳು ಹಾಗೇ ನಿಂತಳು. ಹುಲ್ಲಿನ ನಡುವೆ ಸಾಲಾಗಿ ಕಲ್ಲುಗಳು, ಕಲ್ಲಿನ ಮೇಲೆ ಹೆಸರುಗಳು.

ಅದು ಸ್ಮಶಾನ. ನಮ್ಮ ಕಡೆ ಸ್ಮಶಾನವೆಂದರೆ ಬಳ್ಳಾರಿ ಜಾಲಿಯ ಮುಳ್ಳು, ಒಡೆದ ಮಡಕೆ. ಹಗಲಲ್ಲೂ ಆ ಕಡೆ ತಿರುಗಿ ನೋಡುವುದಿಲ್ಲ. ಇಲ್ಲಿ ಒಬ್ಬ ಹೆಂಗಸು ಚಡ್ಡಿ ಹಾಕಿಕೊಂಡು, ಕಿವಿಗೆ ಹಾಡು ಸಿಕ್ಕಿಸಿಕೊಂಡು, ಸತ್ತವರ ನಡುವೆ ಜಾಗಿಂಗ್ ಮಾಡುತ್ತಿದ್ದಳು. ಸಾವಿತ್ರಿ ಬಾಟಲಿ ನೀರು ತಲೆಗೆ ಪ್ರೋಕ್ಷಣೆ ಮಾಡಿಕೊಂಡು ನಮಗೂ ಚಿಮುಕಿಸಿದಳು. ನಾನು ಸುಮ್ಮನಿರದೆ ಕಲ್ಲುಗಳನ್ನು ಓದುತ್ತ ಹೋದೆ. ಓದಲು ಬರುವವರಿಗೆ ಇದೊಂದು ಕಾಯಿಲೆ. ಅಕ್ಕಪಕ್ಕದಲ್ಲಿ ಎರಡು ಕಲ್ಲು. ಒಂದರಲ್ಲಿ ಕ್ಲಾರಾ ಟ್ರಾಸ್ಕ್. ಇನ್ನೊಂದರಲ್ಲಿ ವೆಂಡೆಲ್ ಟ್ರಾಸ್ಕ್. ಎರಡನೆಯದರ ಕೆಳಭಾಗಕ್ಕೆ ಪ್ಲಾಸ್ಟಿಕ್ ಹೂವಿನ ಕುಂಡ ಅಡ್ಡ ಇತ್ತು.

"ಲಕ್ಕಮ್ಮಕ್ಕ, ನಾವ್ ನೋಡಕ್ ಹೊರಟಿರೋ ಮನುಷ್ಯ ಇಲ್ಲೇ ಇದಾರೆ. ತೀರ್ಕೊಂಡಿದಾರೆ."

"ಅಂಗಾದ್ರೆ ಬರೀ ಕೈಲಿ ನಿಂತ್ಕಳಾದಾ? ಅವ್ರ ಮನೆ ಬಾಗ್ಲಿಗ್ ಓಗೋರು ನಾವು. ಕೈಲಿ ತಿಂಡಿ ಬ್ಯಾರೆ ಐತೆ."

ಹಳೇ ಊರಿನವರ ಪದ್ಧತಿ ಅದು. ಸಮಾಧಿಗೆ ಹೋದರೆ ಸತ್ತವರಿಗೆ ಎಲೆಯಲ್ಲಿ ಎಡೆ ಇಡದೆ ಬರುವುದಿಲ್ಲ. ಎಲೆ ಇರಲಿಲ್ಲ, ಟಿಶ್ಯೂ ಪೇಪರ್ ಹಾಸಿದೆವು. ಅವರಿಗೆ ಏನು ಇಷ್ಟವಿತ್ತೋ ಗೊತ್ತಿಲ್ಲ, ಚಕ್ಲಿ ಇಟ್ಟೆವು. ಪಕ್ಕದ ಕ್ಲಾರಾಗೂ ಇಟ್ಟೆವು, ಪಂಕ್ತಿಭೇದ ಆಗಬಾರದಲ್ಲ. ಊದುಬತ್ತಿ ಹಚ್ಚಿ ಲಕ್ಕಮ್ಮಕ್ಕ ಕೈ ಮುಗಿದರು. "ಯಾವ ತಾಯಿ ಎತ್ತ ಮಗನೋ, ಒಳ್ಳೇ ಕಡೆ ಸೇರ್ಕಳಪ್ಪಾ." ಜಾಗಿಂಗ್ ಹೆಂಗಸು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡು, ಮತ್ತೆ ಓಡಿದಳು.

ಸತ್ತವರ ಮನೆ

ಚಿಕ್ಕ ಮರದ ಮನೆ, ಮುಂದೆ ಜಗುಲಿ, ಜಗುಲಿಯಲ್ಲಿ ತೂಗುವ ಕುರ್ಚಿ. ವಿಧವೆಯೋ ಮಗಳೋ ಬಾಗಿಲು ತೆರೆಯುತ್ತಾರೆ ಎಂದುಕೊಂಡು ನಾನು ಮುಖ ಸಪ್ಪಗೆ ಮಾಡಿಕೊಂಡು ನಿಂತೆ. ಬಾಗಿಲು ತೆರೆದದ್ದು ಉದ್ದಕ್ಕೆ, ತೆಳ್ಳಗೆ ಇದ್ದ ಕಪ್ಪು ಮುದುಕರು. ತಲೆಗೆ ಟೊಪ್ಪಿ, ಪ್ಯಾಂಟಿಗೆ ಹೆಗಲ ಪಟ್ಟಿ.

"ಆಂಟಿ, ಇವರೇ ವೆಂಡೆಲ್ ಟ್ರಾಸ್ಕ್" ಎಂದ ಮಂಜು.

ಸಾವಿತ್ರಿ "ಆಂಜನೇಯಾ" ಎಂದು ನನ್ನ ತೋಳು ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಮೂರು ದಿನ ನೀಲಿಗಟ್ಟಿತ್ತು. ಲಕ್ಕಮ್ಮಕ್ಕ ಮಾತ್ರ ಮುದುಕರ ಪಾದ ನೋಡಿದರು. ಪಾದ ನೆಲಕ್ಕೆ ತಾಗಿತ್ತು. ಆಮೇಲೆ ನನ್ನ ಕಡೆ ತಿರುಗಿದರು. "ಏನೇ ರತ್ನಾ, ಸತ್ತೋಗವ್ರೆ ಅಂದ್ಯಲ್ಲೇ! ಬದ್ಕಿರೋರ್ಗೆ ಎಡೆ ಇಡ್ಸಿದ್ಯಲ್ಲೇ ನನ್ ಕೈಲಿ!"

ವಿಷಯ ತಿಳಿದ ಮಂಜು ನಕ್ಕೂ ನಕ್ಕೂ ಜಗುಲಿಯ ಮೇಲೆ ಕೂತುಬಿಟ್ಟ. ಆ ದೇಶದಲ್ಲಿ ಬದುಕಿದ್ದಾಗಲೇ ಜಾಗ ಕೊಂಡು, ಕಲ್ಲು ನಿಲ್ಲಿಸಿ, ಹೆಸರು ಕೆತ್ತಿಸಿ, ಹುಟ್ಟಿದ ವರ್ಷ ಹಾಕಿಸಿ, ಸಾಯುವ ವರ್ಷದ ಜಾಗ ಖಾಲಿ ಬಿಡುತ್ತಾರಂತೆ. ಹೂವಿನ ಕುಂಡ ಮುಚ್ಚಿದ್ದು ಆ ಖಾಲಿ ಜಾಗವನ್ನು. ವಿಮೆ ಏಜೆಂಟು "ಒಂದ್ ವೇಳೆ ನಿಮಗೇನಾದ್ರೂ" ಎಂದು ಬಾಯಿ ತೆರೆದರೆ "ಬಿಡ್ತು ಅನ್ನು" ಎಂದು ಗದರುವ ತಾಯಿ ನನ್ನನ್ನು ಸಾಕಿದವಳು. ಇಲ್ಲಿ ಮನುಷ್ಯರು ತಮ್ಮ ಸಮಾಧಿಗೆ ತಾವೇ ಹೂವಿಡುತ್ತಾರೆ.

ವೆಂಡೆಲಜ್ಜ ಸಮಾಧಾನವಾಗಿ ಹೇಳಿದರು. "ಅಮ್ಮನ ಪಕ್ಕದ ಜಾಗ ಬೇರೆಯವರ ಪಾಲಾಗಬಾರದು ಅಂತ ಮೊದಲೇ ಹಿಡಿದಿಟ್ಟೆ. ಬದುಕಿದ್ದಾಗ ಅವಳು ನನ್ನ ಪಕ್ಕ ಕೂರಲಿಲ್ಲ. ಆಮೇಲಾದರೂ ಜೊತೆಗಿರೋಣ ಅಂತ."

ಅದೇನೆಂದು ಕೇಳುವಷ್ಟು ಪರಿಚಯ ಆಗ ಇರಲಿಲ್ಲ. ಅಷ್ಟರಲ್ಲಿ ಲಕ್ಕಮ್ಮಕ್ಕ, ಇಟ್ಟ ಎಡೆಗೆ ಪರಿಹಾರ ಆಗದೆ ತಾನು ಹೊಸಿಲು ದಾಟುವುದಿಲ್ಲ ಎಂದು ಹಟ ಹಿಡಿದಿದ್ದರು. ದೃಷ್ಟಿ ತೆಗೆಯಲು ಉಪ್ಪು ಸಿಕ್ಕಿತು, ಒಣಮೆಣಸಿನಕಾಯಿ ಸಿಗಲಿಲ್ಲ. ಕೆಂಪು ಮೆಣಸಿನ ಸಾಸಿನ ಸೀಸೆ ಇತ್ತು. ಒಂದು ಕೈಯಲ್ಲಿ ಉಪ್ಪು, ಇನ್ನೊಂದರಲ್ಲಿ ಸೀಸೆ ಹಿಡಿದು ಲಕ್ಕಮ್ಮಕ್ಕ ಅವರಿಗೆ ನಿವಾಳಿಸಿದರು. ವೆಂಡೆಲಜ್ಜ ಟೊಪ್ಪಿ ತೆಗೆದು, ಕ್ಷೌರಕ್ಕೆ ಕೂತವರಂತೆ ತಲೆ ಬಗ್ಗಿಸಿ ಕೂತಿದ್ದರು. ಮುಗಿದ ಮೇಲೆ, ಸಮಾಧಿಯ ಮೇಲಿಟ್ಟ ತಿಂಡಿ ಯಾವುದು, ಇನ್ನೂ ಇದೆಯೇ ಎಂದು ಕೇಳಿದರು. ಕಟ್ಟಿಸಿಕೊಂಡ ಹಲ್ಲು, ಚಕ್ಲಿಯನ್ನು ಕಾಫಿಗೆ ಅದ್ದಿ ತಿಂದರು.

ಗಾಜಿನ ಹಿಂದೆ

ಹಾಡು ಬರೆಯುವವರೆಂದರೆ ಕಾಗದ ಪೆನ್ನು ಹಿಡಿದಿರುತ್ತಾರೆ ಎಂದು ನಾನು ತಿಳಿದಿದ್ದೆ. ಈ ಅಜ್ಜ ಒಂದಕ್ಷರ ಬರೆದವರಲ್ಲ, ಸ್ವರ ಗುರುತು ಹಾಕಿದವರಲ್ಲ. ಮರದ ನೆಲಕ್ಕೆ ಹಿಮ್ಮಡಿ ಕುಟ್ಟುತ್ತ ಗುನುಗುವುದು, ಎದುರಿದ್ದವರು ಹಿಡಿದುಕೊಳ್ಳುವುದು, ಅಷ್ಟೇ. ಹದಿನಾರನೆಯ ವಯಸ್ಸಿಗೆ ಹತ್ತಿ ಗೋದಾಮಿನ ಹಿಂದಿದ್ದ ಒಂದು ಸಣ್ಣ ಸ್ಟುಡಿಯೋಗೆ ಹೋಗಿ ಹೀಗೆ ಹಿಮ್ಮಡಿ ಕುಟ್ಟಿದರಂತೆ. ಅಲ್ಲಿಂದ ಶುರು. ನಾಲ್ಕಾರು ಹಾಡು ಗೆದ್ದ ಮೇಲೆ ಪ್ರೊಡ್ಯೂಸರ್ ಆದರು. ನಮ್ಮಲ್ಲಿ ಪ್ರೊಡ್ಯೂಸರ್ ಎಂದರೆ ದುಡ್ಡು ಹಾಕುವವನು. ಅಲ್ಲಿ ಹಾಗಲ್ಲ. ಗಾಜಿನ ಹಿಂದೆ ಕೂತು, ಹಾಡು ಹೇಗೆ ಕೇಳಿಸಬೇಕು ಎಂದು ತೀರ್ಮಾನಿಸುವವನು. ಹೊಲದಿಂದ ನೇರ ಬರುತ್ತಿದ್ದ ಹುಡುಗರಿಗೆ ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ಬಿಕ್ಕಬೇಕು ಎಂದು ಹೇಳಿಕೊಟ್ಟು, ಸರಿಯಾಗುವವರೆಗೂ ಬಿಡುತ್ತಿರಲಿಲ್ಲವಂತೆ. ಮೊದಲ ಹಾಡಿಗೇ ಡ್ರಮ್ ಇಲ್ಲದೆ ರಟ್ಟಿನ ಸೂಟ್‌ಕೇಸ್ ಬಡಿದಿದ್ದರು. ದನಿ ಗುಂಯ್ ಎನ್ನಲೆಂದು ಹಾಡುವ ಹುಡುಗನನ್ನು ಕಕ್ಕಸಿನೊಳಗೆ ನಿಲ್ಲಿಸಿ ಹಾಡಿಸಿದ್ದರು. ಟೈಲ್ಸ್ ಗೋಡೆ, ಚೆನ್ನಾಗಿ ಮಾರ್ದನಿ ಕೊಡುತ್ತದೆ.

ಇದನ್ನು ನಾನು ಕನ್ನಡಕ್ಕೆ ತಂದಾಗ ಸಾವಿತ್ರಿ ಸೆರಗು ಮೂಗಿಗೆ ಹಿಡಿದಳು. "ಕಕ್ಕಸಲ್ಲಿ ಹಾಡ್ಸಿದ್ರಾ? ಸರಸ್ವತೀನಾ?"

ಅಜ್ಜ ಒಂದು ರೆಕಾರ್ಡಿನ ಹೊದಿಕೆ ತೋರಿಸಿದರು. ಅವರ ಮೊದಲ ಹಾಡು, ಎಲ್ಲಕ್ಕಿಂತ ಹೆಚ್ಚು ಗೆದ್ದದ್ದು. ಚಿತ್ರದಲ್ಲಿ ಬಿಳಿಯ ಹುಡುಗ, ಬಿಳಿಯ ಹುಡುಗಿ, ಕೆಂಪು ಕಾರು. ನಿಮ್ಮ ಫೋಟೋ ಎಲ್ಲಿ ಎಂದೆ. "ನನ್ನ ಮುಖ ಹಾಕಿದ್ದರೆ ಆ ಕಾಲದಲ್ಲಿ ಇದನ್ನು ಅಂಗಡಿಯಲ್ಲಿ ಇಡುತ್ತಿರಲಿಲ್ಲ" ಎಂದು ನಕ್ಕರು. ಮುಂದಿನ ರೆಕಾರ್ಡನ್ನು ರೇಡಿಯೋ ಸ್ಟೇಷನ್ನಿಗೆ ಕೊಡಲು ಹೋದಾಗ ಕಸದ ಡಬ್ಬಗಳ ಪಕ್ಕದ ಹಿಂಬಾಗಿಲಲ್ಲಿ ನಿಂತಿದ್ದರಂತೆ. ಮುಂಬಾಗಿಲ ಸ್ಪೀಕರಿನಲ್ಲಿ ಅವರದೇ ಈ ಹಾಡು ಬರುತ್ತಿತ್ತಂತೆ. ನನಗೆ ಮೈ ಉರಿಯಿತು. ಇದೆಂಥ ದೇಶ, ಇವರೆಂಥ ಜನ ಎಂದು ಕನ್ನಡದಲ್ಲೇ ಬೈದೆ.

ಲಕ್ಕಮ್ಮಕ್ಕ ಕೋಡುಬಳೆ ಮುರಿಯುತ್ತ, "ನಮ್ಮಲ್ಲೂ ಅಂಗೇ ಅಲ್ವೇನೇ? ತಮಟೆ ಒಡೆಯೋರು ದೇವ್ರ್ ಮುಂದೆ ಊರೆಲ್ಲಾ ಬರೋರು, ಗುಡಿ ಮೆಟ್ಲತ್ರ ನಿಂತ್ಬಿಡೋರು. ನಾವು ನ್ವಾಡ್ಕಂಡೇ ಒಳೀಕ್ ಓಗ್ತಿದ್ವಿ" ಎಂದರು. ಆ ಮಾತನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ಕಾಲ ಬದಲಾಗಿ ಬೇರೆ ಥರದ ಹಾಡು ಬಂದ ಮೇಲೆ ಸ್ಟುಡಿಯೋ ಟೈರಿನ ಅಂಗಡಿಯಾಯಿತಂತೆ. ಅಜ್ಜ ಚರ್ಚುಗಳ ಪಿಯಾನೋ ಶ್ರುತಿ ಮಾಡಿಕೊಂಡು ಬದುಕಿದರು. "ಇವ್ರೂ ರಿಪೇರಿಯವ್ರೇಯಾ" ಎಂದು ಲಕ್ಕಮ್ಮಕ್ಕನಿಗೆ ಬಹಳ ಸಂತೋಷವಾಯಿತು.

ಆಮೇಲೆ ಅಜ್ಜ ಆ ಮೊದಲ ಹಾಡಿನ ರೆಕಾರ್ಡು ಹಾಕಿದರು.

ಹಾಡು ಓಡತೊಡಗಿತು. ಸೂಟ್‌ಕೇಸಿನ ಬಡಿತ, ಕಕ್ಕಸಿನ ಹುಡುಗನ ಬಿಕ್ಕು. ನನ್ನ ಬೆರಳುಗಳು ಮಂಡಿಯ ಮೇಲೆ ತಾವಾಗಿ ಆಡಲು ಶುರುಮಾಡಿದವು. ಯಾಕೆ ಆಡುತ್ತಿವೆ ಎಂದು ನೋಡಿಕೊಂಡೆ. ಹಾರ್ಮೋನಿಯಂ ಮೇಲೆ ಪ್ರತಿ ಶನಿವಾರ ಒತ್ತುವ ಮನೆಗಳನ್ನೇ ಒತ್ತುತ್ತಿದ್ದವು. ಸಾವಿತ್ರಿಯ ಕಡೆ ನೋಡಿದೆ. ಅವಳ ಬಾಯಿ ತೆರೆದಿತ್ತು.

ನಾನು ತಡೆಯುವ ಮೊದಲೇ ಅವಳು, "ಅಕ್ಕ, ಇದು ನಮ್ ಹನುಮಯ್ಯನ ಹಾಡು!" ಎಂದುಬಿಟ್ಟಳು. ಮರುಕ್ಷಣವೇ, "ಏನಂತ ಹಾಡ್ತಿದಾನೆ ಅವ್ನು? ಹೇಳು ರತ್ನಾ" ಎಂದಳು.

ಏನು ಹೇಳಲಿ? ಹುಡುಗಿ, ನಿಮ್ಮಪ್ಪ ಮಲಗಿದಾನೆ, ಕಿಟಕಿ ತೆಗೆ, ಕೆಂಪು ಕಾರು ತಂದಿದೀನಿ ಎಂದು ಹಾಡುತ್ತಿದ್ದ. ಹಾಗೇ ಹೇಳಿದೆ.

ಲಕ್ಕಮ್ಮಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಬಾಯ್ ಮುಚ್ಚೇ ಸಾವಿತ್ರಿ. ಅದೆಲ್ಲಿ, ಇದೆಲ್ಲಿ? ಇದು ಕುದ್ರೆ ಕಿತ್ಕಂಡು ಓಡ್ದಂಗೈತೆ. ನಮ್ಮೆಜಮಾನ್ರದ್ದು ಇಂಗೈತಾ? ಕೇಳಿಲ್ಲಿ." ಬೇರೆ ಎಂದು ತೋರಿಸಲು, ಕಣ್ಣು ಮುಚ್ಚಿ, ತಮ್ಮ ಮಾಮೂಲಿನ ನಿಧಾನದಲ್ಲಿ, ಕೆರೆ ಏರಿಯ ಹನುಮಯ್ಯನನ್ನು ಕರೆದರು.

ವೆಂಡೆಲಜ್ಜ ರೆಕಾರ್ಡು ನಿಲ್ಲಿಸಿದರು. ಒಂದು ಸಾಲು ಕೇಳಿದರು, ಎರಡು ಸಾಲು ಕೇಳಿದರು. ಕುರ್ಚಿಯ ತೋಳು ಹಿಡಿದು ಎದ್ದು ನಿಂತರು.

"ಇದು ನನ್ನ ಅಮ್ಮನ ಹಾಡು" ಎಂದರು. "ಈ ತಾಯಿಗೆ ಇದನ್ನು ಯಾರು ಹೇಳಿಕೊಟ್ಟರು?"

ನಿಧಾನದ ವೇಗ

ಅವರ ತಾಯಿ ಕ್ಲಾರಾ ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದವರು. ತಾವೇ ಕಟ್ಟಿದ ಒಂದು ಪ್ರಾರ್ಥನೆ ಇತ್ತು, ಭಾನುವಾರ ಎಲ್ಲರೂ ಹಾಡುತ್ತಿದ್ದರು, ಯಾರೂ ಬರೆದಿಟ್ಟಿರಲಿಲ್ಲ. ಹದಿನಾರರ ವೆಂಡೆಲ್ ಅದನ್ನೇ ಎತ್ತಿಕೊಂಡು, ಓಟಕ್ಕೆ ಹಾಕಿ, ದೇವರಿದ್ದ ಜಾಗದಲ್ಲಿ ಹುಡುಗಿಯನ್ನು ಕೂರಿಸಿದ. ರೆಕಾರ್ಡಿನ ಮೇಲೆ ತನ್ನ ಹೆಸರು ಹಾಕಿಸಿಕೊಂಡ. ಒಂದು ಭಾನುವಾರ ತಾಯಿ ಚರ್ಚಿನಿಂದ ಬಂದಾಗ ರೇಡಿಯೋದಲ್ಲಿ ಅದು ಬರುತ್ತಿತ್ತು. ರೇಡಿಯೋ ಆರಿಸಿ ಅವರು ಹೇಳಿದ್ದು ಇಷ್ಟೇ: ದೇವರ ಮನೆಯಿಂದ ತೆಗೆದುಕೊಂಡು ಹೋಗಿದ್ದೀಯ, ಅಲ್ಲಿಗೇ ವಾಪಸ್ ಇಡು.

"ಹೇಗೆ ಇಡಲಿ?" ಎಂದರು ಅಜ್ಜ. ಅಷ್ಟರಲ್ಲಿ ಪೆಟ್ರೋಲ್ ಬಂಕಿನ ಹುಡುಗರೂ ಅದನ್ನು ಹಾಡುತ್ತಿದ್ದರು. ಚರ್ಚಿನಲ್ಲಿ ಯಾರಾದರೂ ಆ ಪ್ರಾರ್ಥನೆ ಎತ್ತಿಕೊಂಡರೆ ಹಿಂದಿನ ಬೆಂಚಿನಲ್ಲಿ ಹುಡುಗಿಯರು ಕಿಸಕ್ಕೆನ್ನುತ್ತಿದ್ದರು. ಹಾಗಾಗಿ ಅಲ್ಲಿಯೂ ನಿಂತುಹೋಯಿತು. ತಾಯಿ ಮತ್ತೆ ಹಾಡಲಿಲ್ಲ. ಮಗ ಮನೆಗೆ ಹೋದರೆ ಊಟ ಬಡಿಸುತ್ತಿದ್ದರು, ಪಕ್ಕ ಕೂರುತ್ತಿರಲಿಲ್ಲ. ತೀರಿಕೊಳ್ಳುವವರೆಗೂ ಹಾಗೇ. ಆ ನಿಧಾನದ ಹಾಡು ಗೊತ್ತಿದ್ದ ಜೀವ ಈಗ ತಾನೊಬ್ಬನೇ ಎಂದು ಅಜ್ಜ ತಿಳಿದಿದ್ದರು.

ನಾನು ಇದನ್ನೆಲ್ಲ ಲಕ್ಕಮ್ಮಕ್ಕನಿಗೆ ಕನ್ನಡದಲ್ಲಿ ಹೇಳಿ ಮುಗಿಸಿದೆ.

"ರೆಕಾಲ್ಡ್ ಪೆಟ್ಗೆ" ಎಂದರು. "ನಾನ್ ತೌರಲ್ಲಿದ್ದಾಗ ಕ್ವಾಟ್ರಸ್ಸಿನ ಫಾರಿನ್ ಇಂಜಿನೇರು ಒಬ್ಬ ರಿಪೇರಿಗ್ ಕೊಟ್ಟಿದ್ದ. ನಾನ್ ಬಂದಾಗ ಮನೇಲೇ ಇತ್ತು. 'ಇದು ಓಡ್ತಾನೇ ಇಲ್ಲ ಕಣೇ, ಎಳೀತದೆ' ಅಂತಿದ್ರು. ಒಂದು ಆಡಿನ ಪಿಲೇಟು ಅದ್ರಾಗೇ ಇತ್ತು. ನಾನು ಬಂದ್ ಮೂರೇ ದಿನಕ್ಕೆ ವಾಪಸ್ ಕೊಟ್ಬಿಟ್ರು. ನಾನ್ ಅದ್ರ ಸಬ್ದ ಕೇಳ್ಳಿಲ್ಲ."

ನಾನು ಹೇಳಿದ್ದನ್ನು ಕೇಳಿ ಅಜ್ಜ ಪ್ಲೇಯರಿನ ಹತ್ತಿರ ಹೋದರು. ವೇಗ ಬದಲಿಸುವ ಸಣ್ಣ ಕೀಲಿಯನ್ನು ನಿಧಾನದ ಕಡೆಗೆ ತಳ್ಳಿ, ಅದೇ ರೆಕಾರ್ಡು ಹಾಕಿದರು. ಹುಡುಗನ ದನಿ ಕೋಣದ ದನಿಯಾಯಿತು. ಮಾತು ಒಂದೂ ಅರ್ಥವಾಗದ ಹಾಗೆ ಎಳೆದುಹೋಯಿತು. ಬಡಿತ ದೂರದಲ್ಲಿ ಗುಡಿಯ ನಗಾರಿಯ ಹಾಗಾಯಿತು. ಕೆಂಪು ಕಾರೂ ಇಲ್ಲ, ಕಿಟಕಿಯೂ ಇಲ್ಲ. ಕೋಣವೊಂದು ನಮ್ಮ ಹನುಮಯ್ಯನ ಹಾಡು ಹೇಳುತ್ತಿತ್ತು.

ಸಾವಿತ್ರಿ ಅಳತೊಡಗಿದಳು. ಮುನಿಯಪ್ಪನವರು ಆ ಹುಡುಗಿಯ ಹಾಡನ್ನು ಕೇಳಿಯೇ ಇರಲಿಲ್ಲ. ಕೆಟ್ಟ ಮೋಟರು ಎಳೆದೆಳೆದು ಹೇಳಿದ್ದನ್ನು ಕೇಳಿದ್ದರು. ಅವರಿಗೆ ಅದು ದೇವರ ಹಾಡಾಗಿ ಕೇಳಿಸಿತ್ತು. ಕ್ಲಾರಾ ಕಟ್ಟಿದ್ದು ಹೇಗಿತ್ತೋ ಹಾಗೆ.

ಲಕ್ಕಮ್ಮಕ್ಕನಿಗೆ ಇದ್ಯಾವುದೂ ಸಮಾಧಾನ ಆಗಲಿಲ್ಲ. ಸೆರಗು ಸರಿ ಮಾಡಿಕೊಂಡು ಎದ್ದರು. "ಕಟ್ಟಿದ್ದಲ್ಲ. ಕೇಳಿದ್ದು" ಎಂದರು. "ನಡೀರಿ, ಓಗಾನ."

ವ್ಯಾನಿನಲ್ಲಿ

ಹಿಂದಿರುಗುವಾಗ ಜಗಳ. ನಾಳೆ ವೇದಿಕೆ ಮೇಲೆ ಆ ಹಾಡು ಬೇಡ ಎಂದು ಸಾವಿತ್ರಿ. "ಕಕ್ಕಸಲ್ಲಿ ಹುಟ್ಟಿದ್ದು, ಕಿಟಕಿ ತೆಗಿ ಅನ್ನೋದು. ಆಂಜನೇಯ ಬ್ರಹ್ಮಚಾರಿ ಕಣ್ರೀ!"

"ಆಂಟಿ, ಜನ ಬರ್ತಿರೋದೇ ಆ ಹಾಡಿಗೆ" ಎಂದು ಮಂಜು ಗೋಗರೆದ.

ನಾನೂ ತಾಳ್ಮೆ ಕಳೆದುಕೊಂಡೆ. ಇಷ್ಟು ವರ್ಷ ಆ ಹಾಡಿಗೆ ಕೈ ಮುಗಿದೆಯಲ್ಲ, ಆಗ ಆಂಜನೇಯ ಬೇಡ ಎಂದನೇ ಎಂದು ಸಾವಿತ್ರಿಯ ಮೇಲೆ ಹರಿಹಾಯ್ದೆ. ಕೂಗಾಡಿದ್ದು ಅವಳ ಮೇಲಾದರೂ ಹೆದರಿಕೆ ಇದ್ದದ್ದು ಲಕ್ಕಮ್ಮಕ್ಕನ ಬಗ್ಗೆ. ಅವರು ಕಿಟಕಿಗೆ ತಲೆಯಾನಿಸಿ ಕೂತಿದ್ದರು. ಮೈಮೇಲಿನ ಒಡವೆ ಕಳೆದುಕೊಂಡು ಬಂದ ಮುತ್ತೈದೆಯ ಹಾಗೆ ಕಂಡರು. ನಾಳೆ ಮೈಕು ಹಿಡಿದು ಅವರು ಏನು ಹೇಳಬೇಕು? ನಮ್ಮೆಜಮಾನ್ರು ಕಟ್ಟಿದ್ದು ಎನ್ನುವ ಹಾಗಿಲ್ಲ. ಅದಿಲ್ಲದೆ ಆ ಹಾಡನ್ನು ಅವರು ಎಂದೂ ಹೇಳಿದವರಲ್ಲ.

ಸ್ಮಶಾನ ಬಂತು. ಲಕ್ಕಮ್ಮಕ್ಕ ತಲೆ ಎತ್ತಿದರು.

"ಆ ಇನ್ನೊಂದ್ ಕಲ್ಲು, ಅವ್ರ ತಾಯೀದೇನಾ?"

"ಹೂಂ ಅಕ್ಕ."

"ಅವ್ರು ಸತ್ತಿರಾದು ದಿಟಾನಾ? ಸರ್ಯಾಗ್ ನೋಡ್ದ್ಯಾ ಈ ಸಾರಿ?"

"ದಿಟ ಅಕ್ಕ."

"ಅಂಗಾದ್ರೆ ಆ ಎಡೆ ಸೇರ್ಬೇಕಾದೋರ್ಗೆ ಸೇರೈತೆ." ಆಮೇಲೆ, "ಏನಂದೆ ಎಸ್ರು? ಇನ್ನೊಂದ್ ಕಿತ ಏಳು."

"ಕ್ಲಾರಾ."

ಹೋಟೆಲು ಬರುವವರೆಗೂ ಅವರು ಅದನ್ನು ಜಪದ ಹಾಗೆ ಬಾಯಲ್ಲಿ ತಿರುಗಿಸುತ್ತಿದ್ದರು. ಕಲಾರಾ, ಕುಲಾರಾ, ಕ್ಲಾರಾ.

ವೇದಿಕೆ

ಸಭಾಂಗಣ ತುಂಬಿತ್ತು. ರೇಷ್ಮೆ ಸೀರೆ, ಮಲ್ಲಿಗೆ ಹೂವು, ಮಲ್ಲೇಶ್ವರದ ಮದುವೆ ಮನೆ ಎನ್ನಬೇಕು. ವೆಂಡೆಲಜ್ಜನನ್ನು ಮಂಜು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿ ಪರದೆಯ ಹಿಂದಕ್ಕೆ ಓಡಿದ. ಹಳೇ ಕೋಟು ಹಾಕಿಕೊಂಡು, ಟೊಪ್ಪಿ ತೊಟ್ಟು, ಸುತ್ತ ಕನ್ನಡದ ಗದ್ದಲದ ನಡುವೆ ಅವರೊಬ್ಬರೇ ಸುಮ್ಮನೆ ಕೂತಿದ್ದರು.

ನಾನು ಹಾರ್ಮೋನಿಯಂ ಮುಂದೆ ಕೂತೆ. ಯಾವ ಹಾಡು ಎಂದು ಲಕ್ಕಮ್ಮಕ್ಕ ನನಗೂ ಹೇಳಿರಲಿಲ್ಲ. ಅವರು ಮೈಕು ಹಿಡಿದರು.

"ಇದು ನಮ್ಮೆಜಮಾನ್ರು" ಎಂದು ನಿಲ್ಲಿಸಿದರು.

"ನಮ್ಮೆಜಮಾನ್ರು ಕಟ್ಟಿದ್ ಆಡಲ್ಲ. ಇಷ್ಟು ವರ್ಸ ಅಂಗಂತ ಏಳ್ಕಂಡ್ ಬಂದೆ, ನನ್ಗೆ ತಿಳೀದು. ಇದನ್ನ ಕಟ್ಟಿದ್ದು ಕ್ಲಾರಮ್ಮ ಅಂತ ಒಬ್ಬ ತಾಯಿ. ಇದೇ ಊರ್ನೋರು. ದೇವ್ರಿಗೆ ಅಂತ ಕಟ್ಟಿದ್ರು. ಮಗ ಆಸೆ ಬಿದ್ದು ಆಚೀಕ್ ತಗಂಡೋದ. ತಂದ್ ಇಡಪ್ಪಾ ಅಂದ್ರು ತಾಯಿ. ಅದು ದೇಸ ದೇಸ ಸುತ್ಬಿಟ್ಟಿತ್ತು, ಎಲ್ಲಿಂದ ತಂದಾನು? ನಮ್ಮೆಜಮಾನ್ರು ರಿಪೇರಿ ಮಾಡೋರು. ಅವ್ರ ಕೈಗ್ ಸಿಕ್ತು. ಏನು, ಎತ್ತ, ಯಾರ್ದು ಅಂತ ಅವ್ರಿಗೂ ತಿಳೀದು. ರಿಪೇರಿ ಮಾಡಿ ದೇವ್ರ ಮುಂದೆ ಮಡಗಿದ್ರು. ಕ್ಲಾರಮ್ಮೋರೇ, ನಿಮ್ಮ ಆಡು ವಾಪಸ್ ಬಂದೈತೆ. ತಗಳಿ."

ನನ್ನ ಎಡಗೈ ಹಾರ್ಮೋನಿಯಂ ಗಾಳಿ ಒತ್ತುವುದನ್ನೇ ಮರೆತಿತ್ತು. ಸಾವಿತ್ರಿ ಮೊದಲ ತಾಳ ಹಾಕಿದಳು. ಆಮೇಲೆ ನಾನು ಹಿಡಿದುಕೊಂಡೆ.

ಅಜ್ಜನಿಗೆ ಕನ್ನಡ ಬಾರದು. ಪಕ್ಕದಲ್ಲಿ ಹೇಳುವವರೂ ಇರಲಿಲ್ಲ. ಆದರೆ ತುಂಬಿದ ಸಭೆಯಲ್ಲಿ, ಮೈಕಿನಲ್ಲಿ, ಅವರಮ್ಮನ ಹೆಸರನ್ನು ಎರಡು ಸಲ ಕರೆದದ್ದು ಅವರಿಗೆ ಕೇಳಿಸಿತ್ತು. ಎದ್ದು ನಿಂತು ಟೊಪ್ಪಿ ತೆಗೆದರು. ಹಾಡು ಮುಗಿಯುವವರೆಗೂ ಕೂರಲಿಲ್ಲ. ಅವರ ತುಟಿ ಆಡುತ್ತಿದ್ದುದು ಕಂಡಿತು. ಕೆಂಪು ಕಾರಿನ ಮಾತು ಈ ನಿಧಾನಕ್ಕೆ ಕೂರುವುದಿಲ್ಲ. ಅದು ಬೇರೆ ಮಾತು, ಅರವತ್ತು ಎಪ್ಪತ್ತು ವರ್ಷ ಯಾರೂ ಹಾಡದೆ ಉಳಿದದ್ದು.

ಮುಗಿದ ಮೇಲೆ ನಾವು ಇಳಿದು ಅವರ ಹತ್ತಿರ ಹೋದೆವು. ಈ ತಾಯಿ ಏನು ಹೇಳಿದರು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆದೆ. ಇಷ್ಟು ವರ್ಷ ಟೈಪ್ ಮಾಡಿದ ಇಂಗ್ಲಿಷಿನಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ.

ಲಕ್ಕಮ್ಮಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದರು. ಅಜ್ಜನ ಮಣಿಕಟ್ಟು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ತಾವೂ ಪಕ್ಕದ ಕುರ್ಚಿಯಲ್ಲಿ ಕೂತರು. ಸೊಂಟದ ಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿ, ಚಕ್ಲಿಯನ್ನು ಈ ಸಾರಿ ಅವರ ಕೈಗೇ ಕೊಟ್ಟರು.